ನಾಚಿಕೆ ಕೆಟ್ಟಿದ್ದು ಯಾರದು?

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಒಂದು ಪದ ಹಿಡಿದು ಮಾತಾಡುತ್ತೇನೆ. ನಾಚಿಕೆಗೇಡು. ಒಗ್ಗರಣೆ ಹಾಕುತ್ತಾ ಕೇಳುತ್ತಿರುವ ತಾಯಂದಿರೂ, ಅಂಗಡಿ ಬಾಗಿಲು ತೆಗೆಯುತ್ತಾ ಕೇಳುತ್ತಿರುವ ಯಜಮಾನರೂ ಆಡುವ ಪದವೇ. ಆಡಿ, ಬೇಡ ಅನ್ನುವುದಿಲ್ಲ. ಆದರೆ ಯಾರಿಗೆ ಆಡುತ್ತಿದ್ದೀರಿ ನೋಡಿ!

ನಾಚಿಕೆ, ಕೇಡು, ಎರಡು ಮಾತು ಸೇರಿವೆ. ಮಳೆ, ಕಾಲ ಸೇರಿ ಮಳೆಗಾಲ ಆದಂತೆ ಇಲ್ಲೂ ಕಕಾರ ಗಕಾರವಾಗಿದೆ. ಶಾಲೆಯಲ್ಲಿ ಆದೇಶಸಂಧಿ ಅಂತ ಉರು ಹೊಡೆದಿದ್ದೀರಿ. ನಾಚಿಕೆ ಒಳ್ಳೆಯದು, ಮನುಷ್ಯನಿಗೆ ಇರಬೇಕಾದದ್ದು. ಅದು ಕೆಟ್ಟರೆ ನಾಚಿಕೆಗೇಡು. ಕೆಡುವುದು ಯಾರ ನಾಚಿಕೆ? ಮಾಡಿದವನದು. ಅನುಭವಿಸಿದವರಿಗೆ ಆಗುವುದು ಅವಮಾನ. ಇಷ್ಟೇ ಪಾಠ.

ನಮ್ಮ ನೆಂಟರ ಪೈಕಿ ಒಂದು ಮದುವೆ. ಹಿಂದಿನ ದಿನ ಸಂಜೆ ವರಪೂಜೆಗೆ ಎಲ್ಲ ಸಿದ್ಧವಾಗಿದೆ. ಗಂಡಿನ ಕಡೆಯವರು ಛತ್ರದ ಬಾಗಿಲಲ್ಲೇ ನಿಂತು, ಬೈಕ್ ಕೊಟ್ಟರೇ ಒಳಗೆ ಬರುವುದು ಅಂದರು. ವರದಕ್ಷಿಣೆ ಕೇಳುವುದು ಅಪರಾಧ ಅಂತ 1961ರಲ್ಲೇ ಕಾನೂನು ಬಂದಿದೆ, ಇವರಿಗೆ ಯಾರು ಹೇಳಬೇಕು? ಹುಡುಗಿಯ ತಂದೆ ಆಗಲ್ಲ ಅಂದರು. ಗಂಡಿನ ಕಡೆಯವರು ವ್ಯಾನ್ ಹತ್ತಿ ಹೋದರು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಛೆ, ಎಂಥ ನಾಚಿಕೆಗೇಡು ಈ ಮನೆತನಕ್ಕೆ" ಅಂದರು. ಹುಡುಗಿಯ ಸೋದರತ್ತೆ ತುಪ್ಪದ ಗಿಂಡಿ ಹಿಡಿದವರು ಅಲ್ಲೇ ನಿಂತರು. "ಏನ್ರೀ, ಯಾರ್ದು ನಾಚಿಕೆ ಕೆಟ್ಟಿರೋದು? ಬೈಕ್ ಕೇಳಿ ಹೋದೋರ್ದಾ, ಅಡುಗೆ ಮಾಡಿಸಿ ಕಾಯ್ತಾ ಕೂತೋರ್ದಾ? ಉಂಡು ಹೇಳಿ."

ಅವರು ಉಂಡರು, ಹೇಳಲಿಲ್ಲ. ನಾನು ತರಗತಿಯಲ್ಲಿ ವರ್ಷಗಟ್ಟಲೆ ವಿಗ್ರಹವಾಕ್ಯ ಬರೆಸಿದವನು. ಆ ಅತ್ತೆಯಷ್ಟು ಚೆನ್ನಾಗಿ ಈ ಸಮಾಸವನ್ನು ಯಾರೂ ಬಿಡಿಸಿದ್ದು ಕೇಳಿಲ್ಲ.

ಮುಖಭಂಗ, ಛೀಮಾರಿ, ಕಳಂಕ, ಎಲ್ಲ ಹೇಳಬೇಕೆಂದು ಬರೆದು ತಂದಿದ್ದೆ. ಸ್ಟುಡಿಯೋದ ಗಾಜಿನಾಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ. ಒಂದೆರಡು ಮಾತು. ಚುನಾವಣೆಯಲ್ಲಿ ಸೋತವರಿಗೆ ಪತ್ರಿಕೆಗಳು ಮುಖಭಂಗ ಅನ್ನುತ್ತವೆ, ಅನ್ನಲಿ. ಸೋಲು ನಾಚಿಕೆಗೇಡಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತೇವಲ್ಲ, ಅಲ್ಲೂ ಮಾನ ಕಳೆದುಕೊಂಡವನು ಅಡಿಕೆಗೆ ಆಸೆಪಟ್ಟವನೇ, ಪಕ್ಕದ ಮನೆಯವನಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಫೇಲಾದ ಮಗುವಿಗೆ ದಯವಿಟ್ಟು ಈ ಪದ ಆಡಬೇಡಿ. ಕಿಟಕಿಯಿಂದ ಚೀಟಿ ಎಸೆದ ದೊಡ್ಡವರು ಇರುತ್ತಾರಲ್ಲ, ಅವರಿಗೆ ಧಾರಾಳವಾಗಿ ಆಡಿ. ನಮಸ್ಕಾರ.