ಬಿಸಿಯಾದ್ರೆ ಮಾತ್ರ ಸ್ಟಾರ್ಟ್ ಆಗದ ನಮ್ಮ ಹಳೇ ಪಿಕಪ್

ಕುಶಾಲನಗರ ಬಿಟ್ಟು, ಆನೆಕಾಡು ದಾಟಿ ಸುಂಟಿಕೊಪ್ಪಕ್ಕೆ ಏರೋ ಹೊತ್ತಿಗೆ ಇಂಜಿನ್ ಚೆನ್ನಾಗಿ ಕಾದಿತ್ತು. ಹಿಂದೆ ಸ್ಪ್ರಿಂಕ್ಲರ್ ಪೈಪಿನ ಲೋಡು. ಟೀ ಕುಡಿಯೋಕೆ ನಿಲ್ಸಿದ್ದು ಹತ್ತೇ ನಿಮಿಷ. ವಾಪಸ್ ಬಂದು ಕೀ ತಿರುಗಿಸಿದ್ರೆ 'ಟಕ್' ಅಂತು, ಅಷ್ಟೇ. ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ಏನೂ ಆಗದ ಹಾಗೆ ಸ್ಟಾರ್ಟ್!

ಇದು ಮಾರ್ಚ್. ರೊಬಸ್ಟಾ ಮೊಗ್ಗಿಗೆ ಈಗ ನೀರು ಬೀಳ್ಲೇಬೇಕು, ಮಳೆ ಇಲ್ಲ ಅಂದ್ರೆ ಸ್ಪ್ರಿಂಕ್ಲರೇ ಗತಿ. ಗಾಡಿ ದಾರೀಲಿ ಕೂತ್ರೆ ತೋಟದ ಕೆಲಸವೂ ಕೂತ ಹಾಗೆ.

ಒಬ್ರು ಡೀಸೆಲ್ ಪಂಪ್ ಹೋಗಿದೆ ಅಂದ್ರು, ಇನ್ನೊಬ್ರು ಸ್ಟಾರ್ಟರ್ (ಇಂಜಿನ್ ತಿರುಗಿಸೋ ಮೋಟರ್) ಬದಲಾಯಿಸು ಅಂದ್ರು. ದುಡ್ಡು ಬಿಚ್ಚೋ ಮೊದಲು ಕಿವಿಗೊಟ್ಟು ಕೇಳಿ: ಇಂಜಿನ್ ತಿರುಗ್ತಿದೆಯಾ, ಇಲ್ವಾ? ಚೆನ್ನಾಗಿ ತಿರುಗಿಯೂ ಹತ್ಕೊಳ್ತಿಲ್ಲ ಅಂದ್ರೆ ಡೀಸೆಲ್ ಕಡೆ ನೋಡಿ. ಪಂಪ್ ಸವೆದಿದ್ರೆ, ಕಾದು ತೆಳ್ಳಗಾದ ಡೀಸೆಲ್ ಒಳಗೊಳಗೇ ಸೋರಿ ಪ್ರೆಷರ್ ಏರಲ್ಲ. ನಮ್ದು ತಿರುಗ್ತಾನೇ ಇರ್ಲಿಲ್ಲ. ಹಾಗಾಗಿ ನಾನು ಪಂಪ್ ಮುಟ್ಲಿಲ್ಲ.

ಮರುದಿನ ಬೇಕಂತಲೇ ಓಡಿಸಿ, ಬಿಸಿ ಮಾಡಿ ಅಂಗಳದಲ್ಲಿ ನಿಲ್ಸಿದೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಮೀಟರಿನ ಒಂದು ವೈರು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ, ಪೇಂಟ್ ಇಲ್ಲದ ಜಾಗದಲ್ಲಿ. ತಮ್ಮ ಕೀ ತಿರುಗಿಸಿದ. ಅರ್ಧ ವೋಲ್ಟ್ ದಾಟಬಾರದಿತ್ತು. 1.9 ತೋರಿಸ್ತು.

ಅಂದ್ರೆ ತೊಂದರೆ ಇರೋದು ಅರ್ತ್ ಕೇಬಲಲ್ಲಿ, ಬ್ಯಾಟರಿಯ ಮೈನಸ್ಸನ್ನ ಇಂಜಿನ್ನಿಗೆ ಸೇರಿಸೋ ವೈರು. ಬೋಲ್ಟ್ ಬಿಚ್ಚಿದಾಗ ಹೆಣೆದ ತಾಮ್ರದ ಎಳೆಗಳ ಮಧ್ಯೆ ಹಸಿರು ಕಿಲುಬು, ಉಜ್ಜಿದ್ರೆ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತೆ. ನಮ್ಮ ಮಳೆಗಾಲದಲ್ಲಿ ಶೆಡ್ಡಿನೊಳಗೂ ತಂಡಿ ಬಿಡಲ್ವಲ್ಲ.

ಹಾಗಾದ್ರೆ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗ್ತಿತ್ತು? ತಾಮ್ರ ಕಾದಷ್ಟೂ ಕರೆಂಟಿಗೆ ತಡೆ ಜಾಸ್ತಿ. 20 ಡಿಗ್ರಿಯಿಂದ 100 ಡಿಗ್ರಿಗೆ ಹೋದ್ರೆ ಸುಮಾರು ಶೇ. 30ರಷ್ಟು. ಇಂಜಿನ್ ಆಫ್ ಮಾಡಿದ ಕೂಡ್ಲೇ ಫ್ಯಾನ್ ಗಾಳಿಯೂ ನಿಲ್ಲುತ್ತೆ, ಒಳಗಿನ ಕಾವೆಲ್ಲ ಸ್ಟಾರ್ಟರಿನ ತಾಮ್ರದ ಸುರುಳಿಗೆ ಏರುತ್ತೆ. ಕಿಲುಬು ತಿಂದ ಮೇಲೆ ಉಳಿದ ಕರೆಂಟು ತಣ್ಣಗಿದ್ದಾಗ ಹೇಗೋ ಸಾಕಾಗ್ತಿತ್ತು, ಬಿಸಿಯಲ್ಲಿ ಸಾಲ್ತಿರ್ಲಿಲ್ಲ. ಇದು ಅರ್ಥ ಆದಾಗ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಒಳಗೆ ಓಡಿಹೋಗಿ ಅಪ್ಪನಿಗೆ ಹೇಳಿದೆ.

ಬ್ಯಾಟರಿ ಕಳಚಿಟ್ಟು, ಬೋಲ್ಟ್ ಕೂರೋ ಜಾಗವನ್ನ ಮರಳು ಕಾಗದದಲ್ಲಿ ಹೊಳೆಯೋವರೆಗೂ ತಿಕ್ಕಿ, ದಪ್ಪ ಹೊಸ ಕೇಬಲ್ ಹಾಕಿದೆ. ಈಗ ಮೀಟರಲ್ಲಿ 0.2.

ಉಳಿದ ಪೈಪು ತರೋಕೆ ಮತ್ತೆ ಕುಶಾಲನಗರಕ್ಕೆ ಹೋದೆ. ವಾಪಸ್ ಬರ್ತಾ ಅದೇ ಏರು, ಅದೇ ಟೀ ಅಂಗಡಿ, ಅದೇ ಹತ್ತು ನಿಮಿಷ. ಒಂದೇ ಸಲಕ್ಕೆ ಹತ್ಕೊಳ್ತು. ಸಂಜೆ ಐದಕ್ಕೆ ಪೈಪೆಲ್ಲ ಕೆರೆ ಏರಿ ಮೇಲೆ ಇಳಿಸಿದ್ವಿ.