ಮೂತ್ರದಲ್ಲಿ ಪರಾವಲಂಬಿ ಹುಡುಕುವಾಗ ಹೊತ್ತೇ ಮುಖ್ಯ

ಎಲ್ಲರಿಗೂ ನಮಸ್ಕಾರ.

ಮೂತ್ರ ಪರೀಕ್ಷೆ ಅಂದ ಕೂಡಲೇ ನಮಗೆ ಸಕ್ಕರೆ, ಪ್ರೋಟೀನ್, ಕೀವು ಇಷ್ಟೇ ನೆನಪಾಗುತ್ತವೆ. ಅದರಲ್ಲಿ ಹುಳುವಿನ ಮೊಟ್ಟೆಯೂ ಸಿಗಬಹುದು. ಆದರೆ ಸ್ಯಾಂಪಲ್ ಯಾವಾಗ ತೆಗೆದರು, ಹೇಗೆ ಇಟ್ಟರು ಅನ್ನುವುದರಲ್ಲೇ ಅರ್ಧ ಪರೀಕ್ಷೆ ಮುಗಿದಿರುತ್ತದೆ.

ಷಿಸ್ಟೊಸೋಮಾ ಹೆಮಟೋಬಿಯಂ ಎಂಬ ಹುಳುವನ್ನೇ ತೆಗೆದುಕೊಳ್ಳಿ. ಆಫ್ರಿಕಾದಲ್ಲಿ ಇದರ ಕಾಟ ಜಾಸ್ತಿ. 1851ರಲ್ಲಿ ಕೈರೋದಲ್ಲಿ ಥಿಯೋಡರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯರು ಶವಪರೀಕ್ಷೆ ಮಾಡುವಾಗ ಇದನ್ನು ಕಂಡರು. ಹುಳುಗಳು ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಬದುಕುತ್ತವೆ. ಮೊಟ್ಟೆಗಳು ಮೂತ್ರಕೋಶದ ಗೋಡೆ ತೂರಿ ಮೂತ್ರಕ್ಕೆ ಇಳಿಯುತ್ತವೆ, ಜೊತೆಗೆ ರಕ್ತವೂ ಬರುತ್ತದೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಮೊಟ್ಟೆ ಹೆಚ್ಚಾಗಿ ಹೊರಬೀಳುತ್ತವೆ. ಹಾಗಾಗಿ ಎದ್ದ ಕೂಡಲೇ ಹಿಡಿದ ಮೂತ್ರಕ್ಕಿಂತ ಈ ಹೊತ್ತಿನದೇ ಒಳ್ಳೆಯದು. ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ನಡುವಿನ ಧಾರೆ ಹಿಡಿಯಿರಿ ಅಂತ ಹೇಳುತ್ತೇವೆ ಅಲ್ವಾ? ಇಲ್ಲಿ ಕೊನೆಯ ಹನಿಗಳೂ ಬೇಕು. ಕೆಲವೊಮ್ಮೆ ಸ್ವಲ್ಪ ಓಡಾಡಿ ಬನ್ನಿ ಅಂತಲೂ ಹೇಳುತ್ತಾರೆ. ಆಮೇಲೆ 10 ಮಿಲಿಲೀಟರ್ ಮೂತ್ರವನ್ನು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಅದನ್ನು ಸ್ಲೈಡ್ ಮೇಲೆ ನೋಡುತ್ತಾರೆ. ತುದಿಯಲ್ಲಿ ಒಂದು ಮುಳ್ಳಿರುವ ಮೊಟ್ಟೆ ಕಂಡರೆ ಅನುಮಾನವಿಲ್ಲ.

ಲಿವರ್‌ನಲ್ಲಿ ಅಮೀಬಾದಿಂದ ಕೀವು ತುಂಬಿದಾಗಲೂ ಹೀಗೇ, ಕೊನೆಯ ಭಾಗವೇ ಮುಖ್ಯ. ಸೂಜಿಯಿಂದ ಎಳೆದಾಗ ಮೊದಲು ಬರುವ ಕೀವಿನಲ್ಲಿ ಬರೀ ಸತ್ತ ಅಂಗಾಂಶ. ಅಮೀಬಾ ಇರುವುದು ಕೀವು ತುಂಬಿದ ಜಾಗದ ಗೋಡೆಯ ಹತ್ತಿರ. ಆದ್ದರಿಂದ ಕೊನೆಗೆ ಎಳೆದ ಭಾಗವನ್ನೇ ಲ್ಯಾಬಿಗೆ ಕಳಿಸಬೇಕು.

ಇನ್ನು ಫ್ರಿಜ್ ವಿಷಯ. ಮೂತ್ರ ತಡವಾದರೆ ಫ್ರಿಜ್‌ನಲ್ಲಿ ಇಡಿ ಅನ್ನುವುದು ಬ್ಯಾಕ್ಟೀರಿಯಾ ಹುಡುಕುವವರಿಗೆ ಸರಿ. ಟ್ರೈಕೊಮೊನಾಸ್ ಎಂಬ ಒಂದೇ ಜೀವಕೋಶದ ಪರಾವಲಂಬಿಯನ್ನು ಹುಡುಕುವಾಗ ಅದೇ ಕೆಲಸ ಕೆಡಿಸುತ್ತದೆ. ಈ ಜೀವಿಯನ್ನು ಗುರುತಿಸುವುದೇ ಅದರ ಕುಲುಕಾಟದಿಂದ. ತಣ್ಣಗಾದರೆ ಅಲುಗಾಟ ನಿಲ್ಲುತ್ತದೆ. ಆಗ ಅದು ಬಿಳಿ ರಕ್ತಕಣದ ಹಾಗೇ ಕಾಣುತ್ತದೆ. ತಾಜಾ ಹನಿಯಲ್ಲೂ ಎಷ್ಟೋ ಸಲ ತಪ್ಪಿಹೋಗುತ್ತದೆ, ಹಾಗಾಗಿ ಅನುಮಾನ ಉಳಿದರೆ ಡಿಎನ್ಎ ಅಥವಾ ಆರ್‌ಎನ್ಎ ಆಧಾರಿತ ಪರೀಕ್ಷೆ ಮಾಡಿಸಲೇಬೇಕು.

ನನಗೆ ತುಂಬಾ ಆತಂಕ ಕೊಡುವುದು ನೇಗ್ಲೇರಿಯಾ ಫೌಲೇರಿ. ಬೆಚ್ಚಗಿನ ಸಿಹಿನೀರಿನಲ್ಲಿರುವ ಈ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ಬದುಕಿ ಉಳಿದವರು ಬಹಳ ಕಡಿಮೆ. ಬೆನ್ನುಹುರಿಯ ದ್ರವ ನೋಡಿದರೆ ಬ್ಯಾಕ್ಟೀರಿಯಾದ ಮೆದುಳುಜ್ವರದ ಹಾಗೇ ಕಾಣುತ್ತದೆ, ಆದರೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಸಿಗುವುದಿಲ್ಲ. ಆಗ ದ್ರವವನ್ನು ಫ್ರಿಜ್‌ಗೆ ಹಾಕದೆ, ಒಂದು ಹನಿಯನ್ನು ಹಾಗೇ ಸ್ಲೈಡ್ ಮೇಲಿಟ್ಟು ತಕ್ಷಣ ನೋಡಬೇಕು. ಅಮೀಬಾ ಹರಿದಾಡುವುದು ಕಾಣಬಹುದು. ಇಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ಆದ್ದರಿಂದ ವೈದ್ಯರಲ್ಲಿ ನನ್ನದೊಂದು ಕೋರಿಕೆ. ಲ್ಯಾಬ್ ಚೀಟಿಯಲ್ಲಿ ಸುಮ್ನೆ ‘ರೊಟೀನ್’ ಅಂತ ಬರೆದು ಕಳಿಸಬೇಡಿ. ರೋಗಿ ಕೆರೆಗೋ ನದಿಗೋ ಇಳಿದಿದ್ದರೆ, ಬೇರೆ ದೇಶಕ್ಕೆ ಹೋಗಿ ಬಂದಿದ್ದರೆ, ಅದನ್ನೂ ಬರೆಯಿರಿ. ಸ್ಯಾಂಪಲ್ ತೆಗೆದ ಗಂಟೆಯನ್ನೂ ಬರೆಯಿರಿ.