ಬಿಲ್ ಬರುವ ಮುಂಚಿನ ದಿನಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಮುಧೋಳ ದಾಟಿ ಘಟಪ್ರಭಾ ನದಿಯ ದಂಡೆಗುಂಟ ಸ್ವಲ್ಪ ದೂರ ಹೋದರೆ ನಮ್ಮೂರು. ಎತ್ತ ನೋಡಿದರೂ ಕಬ್ಬು. ಯಾವ ಟ್ರ್ಯಾಕ್ಟರಿನಲ್ಲಿ ಎಷ್ಟು ಟನ್ ಹೋಗಿದೆ ಎಂದು ತೂಕದ ಚೀಟಿ ನೋಡದೆ ಹೇಳುವವರು ನಮ್ಮ ಅಪ್ಪ. ಅಂಥ ಲೆಕ್ಕದ ಮನುಷ್ಯ, ನಾನು ಪಿಯುಸಿಯಲ್ಲಿದ್ದ ಒಂದು ವರ್ಷ ಬೇರೆಯೇ ಆಗಿಬಿಟ್ಟಿದ್ದರು. ಕಬ್ಬು ಹೋಗಿ ಎರಡು ತಿಂಗಳಾದರೂ ಬಿಲ್, ಅಂದರೆ ಕಾರ್ಖಾನೆ ಕೊಡಬೇಕಾದ ಕಬ್ಬಿನ ಹಣ, ಬಂದಿರಲಿಲ್ಲ. ಸೊಸೈಟಿ ಸಾಲದ ಕಂತು, ಕಟಾವಿನವರಿಗೆ ಕೊಡಲು ತಂದ ಕೈಗಡ, ಅಕ್ಕನ ಮದುವೆ ಮಾತುಕತೆ, ಎಲ್ಲ ಒಂದೇ ಸಲ ಮೈಮೇಲೆ ಬಂದಿದ್ದವು.

ನನಗೆ ವಿದ್ಯಾರ್ಥಿವೇತನದ ಅರ್ಜಿ ಜೊತೆ ಇಡಲು ಆದಾಯದ ಪ್ರಮಾಣಪತ್ರ ಬೇಕಿತ್ತು. ಅಪ್ಪನಿಗೆ ಹೇಳಿದ್ದೆ. ಅವರು ಮುಧೋಳಕ್ಕೆ ಮೂರು ಸಲ ಹೋಗಿಬಂದರು. ಮೂರು ಸಲವೂ ಬರಿಗೈ. ಕೊನೆಯ ದಿನಾಂಕ ಮುಗಿದೇ ಹೋಯಿತು. ನಾನು ಜೋರು ಮಾಡಿದೆ. "ಎಷ್ಟ ಸಲ ಹೇಳೇನಿ ಅಪ್ಪಾ, ಒಮ್ಮಿನೂ ನೆನಪಾಗಲಿಲ್ಲೇನು?" ಅವರು ಕಟ್ಟೆಯ ಮೇಲೆ ಕೂತು, "ತಲಿಯಾಗ ಏನೂ ನಿಂದ್ರವಲ್ದವಾ" ಅಂದರು. ಅಷ್ಟೇ. ಅದು ಸುಮ್ನೆ ನೆಪ ಎಂದು ನಾನು ಎಷ್ಟೋ ವರ್ಷ ತಿಳಿದುಕೊಂಡಿದ್ದೆ.

ಮುಂದೆ ಮನಶ್ಶಾಸ್ತ್ರ ಓದಿದೆ, ಜಮಖಂಡಿಯಲ್ಲಿ ಅದನ್ನೇ ಕಲಿಸುತ್ತಿದ್ದೇನೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಓದಿದಾಗ ಅಪ್ಪನ ಆ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಅದನ್ನು ಮಾಡಿದವರು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜಿಯಾಯಿಂಗ್ ಝಾವೋ. ಇವರು ಹೋದದ್ದು ತಮಿಳುನಾಡಿನ ಕಬ್ಬು ಬೆಳೆಗಾರರ ಹತ್ತಿರ. 54 ಹಳ್ಳಿಗಳ 464 ಸಣ್ಣ ರೈತರು. ಒಬ್ಬೊಬ್ಬರನ್ನೂ ಎರಡು ಸಲ ಕಂಡರು. ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ ಒಮ್ಮೆ. ಕಟಾವು ಮುಗಿದು ದುಡ್ಡು ಕೈಸೇರಿದ ಮೇಲೆ ಇನ್ನೊಮ್ಮೆ.

ಕೊಟ್ಟ ಪರೀಕ್ಷೆಗಳು ಸರಳವಾಗಿದ್ದವು. ಒಂದರಲ್ಲಿ ಆಕೃತಿಗಳ ಸಾಲು ಇರುತ್ತದೆ, ಒಂದು ಜಾಗ ಖಾಲಿ ಇರುತ್ತದೆ, ಅಲ್ಲಿಗೆ ಯಾವುದು ಹೊಂದುತ್ತದೆ ಎಂದು ಹೇಳಬೇಕು. ಇನ್ನೊಂದು ಅಂಕಿಯ ಆಟ. 5 5 5 ಎಂದು ಬರೆದಿದ್ದರೆ 'ಐದು' ಅನ್ನಬಾರದು, ಎಷ್ಟು ಅಂಕಿ ಇವೆಯೋ ಅದನ್ನು, ಅಂದರೆ 'ಮೂರು' ಎಂದು ಹೇಳಬೇಕು. ನಾಲಿಗೆ ತುದಿಗೆ ಬರುವ ಉತ್ತರವನ್ನು ತಡೆಹಿಡಿಯುವುದೇ ಇಲ್ಲಿ ಕೆಲಸ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಎಷ್ಟು ಗಮನ ಬೇಡುತ್ತದೆ ಎಂದು ತಿಳಿಯುತ್ತದೆ.

ಆಕೃತಿಯ ಪರೀಕ್ಷೆಯಲ್ಲಿ ಕಟಾವಿಗೆ ಮುಂಚೆ ಸರಾಸರಿ 4.35 ಉತ್ತರ ಸರಿಯಾಗಿದ್ದವು. ದುಡ್ಡು ಬಂದ ಮೇಲೆ 5.45. ಅಂಕಿಯ ಆಟದಲ್ಲೂ ಬೇಗ ಮುಗಿಸಿದರು, ತಪ್ಪೂ ಕಡಿಮೆಯಾಯಿತು. ಅದೇ ರೈತ, ಅದೇ ತಲೆ, ಬದಲಾದದ್ದು ಚಿಂತೆಯ ಭಾರ. ಒಂದು ಇಡೀ ರಾತ್ರಿ ನಿದ್ದೆಗೆಟ್ಟವನಿಗೆ ಆಗುವಷ್ಟು ಹೊಡೆತ ಇದು ಎಂದು ಅವರು ಲೆಕ್ಕ ಹಾಕಿದರು.

ಹಬ್ಬಕ್ಕೋ ಹವಾಮಾನಕ್ಕೋ ಈ ವ್ಯತ್ಯಾಸ ಬಂದಿರಬಹುದಲ್ಲ ಎಂದು ನೀವು ಕೇಳಬಹುದು. ಕಬ್ಬು ಬೆಳೆಯುವವರಿಗೆ ಇದರ ಉತ್ತರ ಗೊತ್ತೇ ಇದೆ. ಎಲ್ಲರ ಕಬ್ಬನ್ನೂ ಕಾರ್ಖಾನೆ ಒಂದೇ ದಿನ ನುರಿಸಲಾರದು. ಪಾಳಿ ಪ್ರಕಾರ ಕಟಾವು ಆಗುತ್ತದೆ, ತಿಂಗಳುಗಟ್ಟಲೆ ನಡೆಯುತ್ತದೆ. ಹಾಗಾಗಿ ಒಂದೇ ತಿಂಗಳಲ್ಲಿ ಒಬ್ಬನ ಕೈಯಲ್ಲಿ ದುಡ್ಡಿರುತ್ತದೆ, ಪಕ್ಕದ ಹೊಲದವನು ಇನ್ನೂ ಕಾಯುತ್ತಿರುತ್ತಾನೆ. ನಮಗೆ ತಲೆಬಿಸಿ ತರುವ ಆ ಪಾಳಿಯೇ ಸಂಶೋಧಕರ ಅನುಕೂಲಕ್ಕೆ ಬಂತು.

ಎಲ್ಲ ಕಡೆ ಹೀಗೇ ಕಂಡಿದೆ ಎಂದು ನಾನು ಹೇಳಿದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ಕಡಿಮೆ ಆದಾಯದವರನ್ನು ಸಂಬಳದ ದಿನಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಂಥ ವ್ಯತ್ಯಾಸ ಸಿಗಲಿಲ್ಲ. ನನಗೆ ಅನಿಸುವುದು ಹೀಗೆ. ಸಂಬಳ ಯಾವ ದಿನ ಬರುತ್ತದೆ ಎಂದು ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಮನಸ್ಸನ್ನೂ ಅಣಿ ಮಾಡಿಕೊಳ್ಳಬಹುದು. ಕಬ್ಬಿನ ಬಿಲ್ ಹಾಗಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಹದಿನೈದನೆಯ ದಿನ ದಾಟಿದ ಮೇಲೆ ಕಾಯುವುದಿದೆಯಲ್ಲ, ಅದರ ಭಾರವೇ ಬೇರೆ. ಇವತ್ತೋ ನಾಳೆಯೋ ಎಂದು ದಿನಾ ಬೆಳಿಗ್ಗೆ ಹೊಸದಾಗಿ ಶುರುವಾಗುತ್ತದೆ.

ಚಿಂತೆ ನಮ್ಮ ಗಮನವನ್ನು ಹೇಗೆ ಎಳೆಯುತ್ತದೆ? 1986ರಲ್ಲಿ ಕಾಲಿನ್ ಮೆಕ್ಲೌಡ್, ಆಂಡ್ರೂ ಮ್ಯಾಥ್ಯೂಸ್, ಫಿಲಿಪ್ ಟಾಟಾ ಎಂಬ ಮೂವರು ಒಂದು ಜಾಣ ಉಪಾಯ ಮಾಡಿದರು. ಪರದೆಯ ಮೇಲೆ ಎರಡು ಪದ ತೋರಿಸಿದರು, ಒಂದು ಮೇಲೆ, ಒಂದು ಕೆಳಗೆ. ಒಂದು ಹೆದರಿಕೆಯ ಪದ, ಇನ್ನೊಂದು ಸಾಮಾನ್ಯ ಪದ. ಅರ್ಧ ಸೆಕೆಂಡಿನಲ್ಲಿ ಎರಡೂ ಮಾಯ. ಆಮೇಲೆ ಕೆಲವು ಸಲ ಒಂದು ಪದದ ಜಾಗದಲ್ಲಿ ಚುಕ್ಕೆ ಮೂಡುತ್ತದೆ, ಕಂಡ ಕೂಡಲೇ ಗುಂಡಿ ಒತ್ತಬೇಕು. ಆತಂಕದ ಕಾಯಿಲೆ ಇದ್ದವರು ಹೆದರಿಕೆಯ ಪದದ ಜಾಗದಲ್ಲಿ ಚುಕ್ಕೆ ಬಂದಾಗ ಬೇಗ ಒತ್ತಿದರು. ಅಂದರೆ ಅವರ ಗಮನ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು.

ಇದಕ್ಕೆ ಪರದೆಯೇ ಬೇಕೆಂದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಹರಿದದ್ದು ನಮಗ್ಯಾರಿಗೂ ಮರೆತಿಲ್ಲ. ಅವತ್ತು ಮನೆಯೊಳಗೆ ನೀರು ಹೊಕ್ಕವರನ್ನು ಈಗಲೂ ಮಳೆಗಾಲದಲ್ಲಿ ನೋಡಿ. ಸಂತೆಯ ಗದ್ದಲದಲ್ಲಿ ಎಲ್ಲೋ ದೂರದಲ್ಲಿ ಯಾರೋ ಘಟಪ್ರಭೆಯ ಅಣೆಕಟ್ಟಿನ ಹೆಸರು 'ಹಿಡಕಲ್' ಎಂದರೆ ಸಾಕು, ಹೊರಳಿ ನೋಡುತ್ತಾರೆ. ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಆ ಎಚ್ಚರ ಅವರನ್ನು ಕಾಯುತ್ತದೆ, ನಿಜ. ಆದರೆ ಗಮನ ಎಂಬುದು ಒಂದು ಮಿತಿಯೊಳಗಿನ ಬಂಡವಾಳ. ಅತ್ತ ಜಾಸ್ತಿ ಹೋದಷ್ಟು ಇತ್ತ ಕಡಿಮೆಯಾಗುತ್ತದೆ, ಅಲ್ವಾ?

ಗಮನದ ಮಾತು ಇದು. ಭಾವನೆ ನಮ್ಮ ತೀರ್ಮಾನದೊಳಗೂ ಕೈ ಹಾಕುತ್ತದೆ, ಅದೂ ನಮಗೆ ಗೊತ್ತಾಗದ ಹಾಗೆ. 1983ರಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್ ಒಂದು ಅಧ್ಯಯನ ಪ್ರಕಟಿಸಿದರು. ಬಿಸಿಲಿನ ದಿನ ಕೆಲವರಿಗೆ, ಮಳೆಯ ದಿನ ಕೆಲವರಿಗೆ ಫೋನ್ ಮಾಡಿ, ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ತಂದಿದೆ ಎಂದು ಕೇಳಿದ್ದರು. ಬಿಸಿಲಿದ್ದಾಗ ಉತ್ತರ ಚೆನ್ನಾಗಿತ್ತು, ಮಳೆಯಲ್ಲಿ ಸಪ್ಪೆ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಇದು ತಿರುವುಮುರುವು ಆಗಬಹುದು. ಇಲ್ಲಿ ಮೇ ತಿಂಗಳ ಬಿಸಿಲಿನಲ್ಲಿ ಯಾರಿಗೆ ಬದುಕು ಚಂದ ಕಾಣುತ್ತದೆ? ನನಗೆ ಬಹಳ ಹಿಡಿಸಿದ್ದು ಮುಂದಿನ ಮಾತು. ಕೆಲವರಿಗೆ ಮೊದಲೇ, "ಅಲ್ಲಿ ಹವಾಮಾನ ಹೇಗಿದೆ?" ಎಂದು ಕೇಳಿ, ಆಮೇಲೆ ಬದುಕಿನ ಪ್ರಶ್ನೆ ಕೇಳಿದರು. ಮಳೆಯ ಸಪ್ಪೆತನ ಉತ್ತರದಿಂದ ಹೊರಟೇ ಹೋಯಿತು. ಈ ಬೇಸರ ಮಳೆಯಿಂದ ಬಂದದ್ದು ಎಂದು ಮನಸ್ಸಿಗೆ ತಿಳಿದ ಕೂಡಲೇ, ಅದು ಬದುಕಿನ ಲೆಕ್ಕದಲ್ಲಿ ಸೇರಲಿಲ್ಲ.

ಅದೇ ವರ್ಷ ಎರಿಕ್ ಜಾನ್ಸನ್ ಮತ್ತು ಆಮೋಸ್ ಟ್ವೆರ್ಸ್ಕಿ ಇನ್ನೊಂದು ವಿಷಯ ತೋರಿಸಿದರು. ಒಂದು ಸಾವಿನ ಸುದ್ದಿ ಓದಿದವರು ಅದಕ್ಕೆ ಸಂಬಂಧವೇ ಇಲ್ಲದ ಅಪಾಯಗಳನ್ನೂ ಹೆಚ್ಚು ಎಂದು ಅಂದಾಜು ಮಾಡಿದರು. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಅಪಘಾತದ ವಿಡಿಯೋ ನೋಡುವವರು ಇದನ್ನು ನೆನಪಿಡಿ ಎಂದು ಬೇಡಿಕೊಳ್ಳುತ್ತೇನೆ.

ಹೆದರಿಕೆ, ಸಿಟ್ಟು ಎರಡೂ ಕೆಟ್ಟ ಭಾವನೆ ಎಂದು ನಾವು ಒಂದೇ ಬುಟ್ಟಿಗೆ ಹಾಕುತ್ತೇವೆ. ಜೆನಿಫರ್ ಲರ್ನರ್ ಮತ್ತು ಡ್ಯಾಕರ್ ಕೆಲ್ಟ್‌ನರ್ 2001ರಲ್ಲಿ ಬರೆದ ಪ್ರಕಾರ ಅವು ಎರಡು ದಿಕ್ಕಿಗೆ ಎಳೆಯುತ್ತವೆ. ಹೆದರಿದವನಿಗೆ ಅಪಾಯ ದೊಡ್ಡದಾಗಿ ಕಾಣುತ್ತದೆ. ಸಿಟ್ಟಿಗೆದ್ದವನಿಗೆ ಸಣ್ಣದಾಗಿ ಕಾಣುತ್ತದೆ. ನಮ್ಮೂರಲ್ಲಿ ಎರಡನ್ನೂ ನೋಡಿದ್ದೇನೆ. ಹೆದರಿದವರು ಕೈಗೆ ಬಂದ ಬೆಲೆಗೆ ಎಮ್ಮೆ ಮಾರಿಬಿಡುತ್ತಾರೆ. ಸಿಟ್ಟಾದವರು "ಏನಾಗತೈತಿ ನೋಡೇ ಬಿಡೂಣು" ಎಂದು ಸಾಲ ತಂದು ಮತ್ತೊಂದು ಬೋರ್ ಹೊಡೆಸುತ್ತಾರೆ.

ಪರೀಕ್ಷೆಗೆ ಕೂರುವ ಮಕ್ಕಳು ಕೇಳುತ್ತಿದ್ದರೆ ಅವರಿಗೆ ಒಂದು ಮಾತು. ಜೆರಾರ್ಡೊ ರಮೀರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಬಹಳ ಹೆದರುವ ಮಕ್ಕಳು ಮೊದಲು ಹತ್ತು ನಿಮಿಷ ಕೂತು ತಮ್ಮ ಹೆದರಿಕೆಯನ್ನೇ ಹಾಳೆಯ ಮೇಲೆ ಬರೆದಾಗ ಅವರ ಅಂಕ ಏರಿತು. ನನ್ನ ತರಗತಿಯಲ್ಲಿ ಬರೆಸುತ್ತೇನೆ. ಎಲ್ಲರಿಗೂ ಫಲ ಸಿಗುತ್ತದೆ ಎಂದು ಹೇಳಲಾರೆ, ಆದರೆ ಬರೆದು ಮುಗಿಸಿದಾಗ ಕೆಲವರ ಭುಜ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ದೊಡ್ಡವರಲ್ಲಿ, ಅದರಲ್ಲೂ ಬ್ಯಾಂಕು, ಸೊಸೈಟಿ, ಕಚೇರಿಗಳಲ್ಲಿ ಕೂತವರಲ್ಲಿ ನನ್ನ ಕೋರಿಕೆ ಬೇರೆ. ಕಬ್ಬಿನ ರೈತರ ಅಧ್ಯಯನ ಮಾಡಿದವರೂ ಇಂಥದ್ದನ್ನೇ ಹೇಳಿದ್ದಾರೆ. ಕಷ್ಟದಲ್ಲಿರುವವರ ಮುಂದೆ ಉದ್ದುದ್ದ ಅರ್ಜಿ ಇಡಬೇಡಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಕೊನೆಯ ದಿನಾಂಕವನ್ನು ಬಿಲ್ ಬರುವ ಮುಂಚಿನ ವಾರಗಳಿಗೆ ಇಡಬೇಡಿ. ಹೊಸ ಬೀಜ, ಹೊಸ ವಿಮೆ ಬಗ್ಗೆ ತಿಳಿಸುವುದಿದ್ದರೆ ಕಟಾವು ಮುಗಿದು ಕೈಗೆ ದುಡ್ಡು ಬಂದ ಮೇಲೆ ಹಳ್ಳಿಗೆ ಬನ್ನಿ. ಕಿಟಕಿಯ ಆಚೆ ನಿಂತು ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳುವ ಮನುಷ್ಯ, ತನ್ನ ಮನೆಯಲ್ಲಿ ಎಲ್ಲರ ಲೆಕ್ಕ ಇಡುವವನೇ ಆಗಿರಬಹುದು.

ಆ ಸಂಶೋಧನೆ ಓದಿದ ದಿನ ಸಂಜೆ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಎಲ್ಲ ವಿವರಿಸಿದೆ. ಆ ಪ್ರಮಾಣಪತ್ರದ ಜಗಳ ನೆನಪಿಸಿ, "ತಪ್ಪಾತು ಅಪ್ಪಾ" ಅಂದೆ. ಅವರಿಗೆ ಆ ಜಗಳ ನೆನಪೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೇ ಪ್ರಶ್ನೆ ಕೇಳಿದರು.

"ಆ ತಮಿಳುನಾಡಿನವರಿಗೆ, ಎಲ್ಲಾರಿಗೂ ಬಿಲ್ ಬಂತಂತೇನವಾ?"

ನಮಸ್ಕಾರ.